ರಂಗೂನಿನ ಮುದುಕ ಇಟ್ಟುಕೊಂಡದ್ದು

ಐವತ್ತರ ದಶಕದ ನಡುವಿನ ಮಾತು. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು. ಪುತ್ತೂರು ಪೇಟೆಯಲ್ಲಿ ತಂದೆಯವರದ್ದೊಂದು ಜವಳಿ ಅಂಗಡಿ. ಅದರ ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಚಕ್ಕಳಮಕ್ಕಳ ಹಾಕಿ ಕೂರುವುದು ನನ್ನ ಕೆಲಸ. ನನಗೆ ಆಗ ಮೂಗಿನ ತುದಿಯಲ್ಲೇ ಕೋಪ. ಈಗ ಕಡಿಮೆಯಾಗಿದೆ ಎಂದರೆ ಮನೆಯವರು ಒಪ್ಪುವುದಿಲ್ಲ, ಅದು ಬೇರೆ ವಿಷಯ. ಕಪಾಟಿನ ಬಟ್ಟೆಯನ್ನೆಲ್ಲ ಬಿಡಿಸಿ ನೋಡಿ, ಏನೂ ಕೊಳ್ಳದೆ ಎದ್ದು ಹೊರಟ ಗಿರಾಕಿಯೊಬ್ಬನಿಗೆ ಒಂದು ದಿನ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ನನ್ನ ಕಾಲರು ಹಿಡಿದು ಎತ್ತಿ, ಇಡೀ ಪೇಟೆ ನೋಡುತ್ತಿದ್ದಂತೆ ಚರಂಡಿಯ ಪಕ್ಕದಲ್ಲಿ ಇಳಿಸಿದ. ಹೊಡೆಯುವುದನ್ನು ಕಲಿಯಬೇಕು ಎಂದು ಅಂದೇ ತೀರ್ಮಾನಿಸಿದೆ.

ಕುಂಬ್ರದ ಹತ್ತಿರ ಒಬ್ಬರು ಚೀನಾದ ತಾಲೀಮು ಕಲಿಸುತ್ತಾರೆ ಎಂಬ ಸುದ್ದಿ ಪೇಟೆಯಲ್ಲಿ ಇತ್ತು. ಯುದ್ಧದ ಮೊದಲು ರಂಗೂನಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಬಾಂಬು ಬೀಳಲು ಶುರುವಾದಾಗ ಕಾಡು ಗುಡ್ಡ ಹತ್ತಿ ಇಳಿದು ನಡೆದೇ ಊರು ಸೇರಿದವರು. ಎಲ್ಲರೂ ಅವರನ್ನು ರೈಟರು ಎಂದೇ ಕರೆಯುತ್ತಿದ್ದರು. ಒಂದು ಏಟಿಗೆ ನಾಲ್ಕು ಜನರನ್ನು ಕೆಡವಬಲ್ಲರಂತೆ ಎಂದು ನನಗೆ ಹೇಳಿದವನು ನಮ್ಮ ಅಂಗಡಿಗೆ ಬರುತ್ತಿದ್ದ ಸವಣೂರಿನ ದರ್ಜಿ. ಅವನೂ ಅಲ್ಲಿ ಕಲಿಯುತ್ತಿದ್ದ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿತ್ತು. ಅದರ ನಡುವೆ ಪಂಚೆ ಮೇಲೆ ಕಟ್ಟಿದ ಮೂವರು ಗಂಡಸರು, ಗಾಳಿಯಲ್ಲಿ ಏನನ್ನೋ ಹುಡುಕುವವರಂತೆ ಕೈ ಆಡಿಸುತ್ತ, ಅಂಗುಲ ಅಂಗುಲವಾಗಿ ಸರಿಯುತ್ತಿದ್ದರು. ಮುಂದೆ ಇದ್ದ ತೆಳ್ಳಗಿನವರೇ ರೈಟರು. ಹಿಂದೆ ದರ್ಜಿ, ಅವನ ಪಕ್ಕದಲ್ಲಿ ಶನಿವಾರವೇ ಗುತ್ತಿಗಾರಿನಿಂದ ಇಳಿದು ಬಂದಿದ್ದ ಶಾಲೆಯ ಮಾಸ್ತರರು. ಇದು ಹೊಡೆದಾಟವೆಂದರೆ ಎದುರಾಳಿ ನಿದ್ದೆಹೋಗಿಯೇ ಬೀಳಬೇಕು ಅನ್ನಿಸಿತು.

"ಹೊಡೀಲಿಕ್ಕೆ ಯಾವಾಗ ಹೇಳಿಕೊಡುದು?" ಎಂದು ಕೇಳಿದೆ.

"ಯಾರಿಗೆ ಹೊಡೀಲಿಕ್ಕುಂಟು?"

ಗಿರಾಕಿಯ ಕಥೆ ಹೇಳಿದೆ. ರೈಟರು ಮನಸ್ಸು ಬಿಚ್ಚಿ ನಕ್ಕರು. "ಮೊದಲು ಕಾಲಲ್ಲಿ ಅಡಿಕೆ ಮಗುಚು ಮಾರಾಯ. ಕಾಲು ಎತ್ತುದು ಬೇಡ, ಎಳೆದುಕೊಂಡು ಬಾ. ಅಡಿಕೆಯೂ ಒಣಗ್ತದೆ, ನಿನ್ನ ಕೋಪವೂ ಒಣಗ್ತದೆ."

ರೈಟರ ಶಾಲೆ ಎಂದರೆ ಇಷ್ಟೆ. ಗಂಟೆ ಇಲ್ಲ, ಶುಲ್ಕ ಇಲ್ಲ, ಬೈಗುಳ ಇಲ್ಲ. ಬಂದವರು ಬಂದಾಗ ಶುರು. ಮಳೆಗಾಲದಲ್ಲಿ ಜಗಲಿಯಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರ ಮೂಗಿಗೆ ತಾಗದ ಹಾಗೆ. ನಡುವೆ ರೈಟರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಅವಲಕ್ಕಿ ಮೊಸರು ತಂದಿಟ್ಟರೆ ಆ ದಿನದ ಪಾಠ ಅಲ್ಲಿಗೇ ಮುಗಿದರೂ ಮುಗಿಯಿತು. ಚಲನೆಗಳಿಗೆ ಚೀನೀ ಹೆಸರುಗಳಿದ್ದವು, ಆದರೆ ಅವು ನಮ್ಮ ನಾಲಗೆಗೆ ಹತ್ತಲಿಲ್ಲ. ಹಾಗಾಗಿ ಒಂದಕ್ಕೆ ನೀರಿನ ಕೊಡಪಾನ ಎತ್ತುವುದು ಎಂದೆವು, ಮತ್ತೊಂದಕ್ಕೆ ಬೆಳ್ಳಕ್ಕಿ. ದರ್ಜಿ ಒಂದಕ್ಕೆ ತನ್ನ ಅತ್ತೆಯ ಹೆಸರಿಟ್ಟಿದ್ದ. ಹೊಡೆಯುವುದನ್ನು ನಾನು ಕೊನೆಗೂ ಕಲಿಯಲಿಲ್ಲ. ಆದರೆ ಗಾದಿಯಲ್ಲಿ ಕೂತು ಹಿಡಿದಿದ್ದ ಸೊಂಟ ನೋವು ಬಿಟ್ಟಿತು. ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುವಂತಾಯಿತು. ಈಗ ನೆನೆಸಿಕೊಂಡರೆ ನನ್ನ ಜೀವನದ ಒಳ್ಳೆಯ ಬೆಳಗುಗಳೆಲ್ಲ ಆ ಅಂಗಳದಲ್ಲೇ ಕಳೆದವು ಅನ್ನಿಸುತ್ತದೆ.

ನಾವು ಕಲಿತ ವರಸೆಯ ಕೊನೆಯಲ್ಲಿ ಎರಡೂ ಕೈ ಮುಂದೆ ಚಾಚಿ, ಭಾರದ ಬಾಗಿಲು ತಳ್ಳುವವರಂತೆ ನಿಲ್ಲಬೇಕಿತ್ತು. ಅಲ್ಲಿಗೆ ರೈಟರು, "ಇಷ್ಟೇ. ಮುಂದಿನದ್ದು ಆ ಮುದುಕ ಹೇಳ್ಲಿಲ್ಲ," ಎನ್ನುತ್ತಿದ್ದರು. ಎಲ್ಲರೂ ಕೈ ಕೆಳಗೆ ಬಿಟ್ಟು ಕಾಫಿಗೆ ಹೋಗುತ್ತಿದ್ದೆವು.

ಆ ಮುದುಕ ರಂಗೂನಿನಲ್ಲಿ ಅವರ ಪಕ್ಕದ ಮನೆಯ ಚೀನೀ ಬಡಗಿ. ದಿನಾ ಬೆಳಿಗ್ಗೆ ತನ್ನ ಮರದ ಹಲಗೆಗಳ ನಡುವೆ ಹೀಗೆ ಕೈ ಆಡಿಸುವುದನ್ನು ಕಂಡು ರೈಟರು ಆಸೆಪಟ್ಟಿದ್ದರು. ಅವನು ಕಾಸು ಕೇಳದೆ ಕಲಿಸಿದ. ಒಂದು ಬೆಳಿಗ್ಗೆ, ಮುಗಿಯಿತು, ಎಂದ. ಇನ್ನೂ ಉಂಟಲ್ಲ ಎಂದು ರೈಟರು ಹಟ ಹಿಡಿದರೆ ನಕ್ಕು ತಲೆ ಅಲ್ಲಾಡಿಸಿದನಂತೆ. ಆ ನಗುವನ್ನು ರೈಟರು ಮರೆತಿರಲಿಲ್ಲ. "ಅರ್ಧ ಇಟ್ಟುಕೊಂಡ. ಪರದೇಶಿಗೆ ಯಾಕೆ ಕೊಡುದು ಅಂತ," ಎಂದು ನಾವು ಕಾಫಿ ಕುಡಿಯುವಾಗೆಲ್ಲ ಹೇಳುತ್ತಿದ್ದರು.

ನಮಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ನಮ್ಮ ಕಡೆ ಕ್ರಮವೇ ಹಾಗೆ, ಕಲಿಸುವವನು ಒಂದನ್ನು ತನಗೆಂದು ಇಟ್ಟುಕೊಳ್ಳುತ್ತಾನೆ. ದರ್ಜಿಗೆ ಕೆಲಸ ಕಲಿಸಿದವನು ರವಿಕೆಯ ಎಲ್ಲ ತುಂಡುಗಳನ್ನೂ ತೋರಿಸಿ ಕತ್ತರಿಸುತ್ತಿದ್ದ, ಕಂಕುಳಿನ ಭಾಗ ಬಂದಾಗ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ರೈಟರ ತಂದೆಯೇ ಕಾಮಾಲೆಗೆ ಮದ್ದು ಕೊಡುತ್ತಿದ್ದವರು. ಸಾಯುವ ಮೊದಲು ಮಗನನ್ನು ಕರೆದು ಬೇರು ಸೊಪ್ಪುಗಳನ್ನೆಲ್ಲ ಹೇಳಿದರು, ಒಂದನ್ನು ಬಿಟ್ಟು. ರೈಟರು ಅರೆದು ಕೊಟ್ಟ ಮದ್ದು ಯಾರಿಗೂ ನಾಟಲಿಲ್ಲ.

"ಅಪ್ಪನೇ ಮಗನಿಗೆ ಪೂರ್ತಿ ಹೇಳ್ಲಿಲ್ಲ. ಆ ಚೀನಾದವ ಹೇಳ್ತಾನಾ?" ಎನ್ನುತ್ತಿದ್ದರು.

ಒಂದು ವರ್ಷ ಅವರಿಗೆ ಬಲಗೈ ನಡುಗಲು ಶುರುವಾಯಿತು. ಮಂಡಿಯೂ ಸುಖವಿರಲಿಲ್ಲ. ಆಗಲೇ ನಾನು ಅಂಗಡಿಗೆ ಮಾಲು ತರಲು ಮದರಾಸಿಗೆ ಹೊರಟಿದ್ದೆ. ಯಾರಲ್ಲಿಯೂ ಏನನ್ನೂ ಕೇಳದ ಮನುಷ್ಯ ನನ್ನನ್ನು ಬಾವಿಕಟ್ಟೆಯ ಬಳಿಗೆ ಕರೆದರು.

"ಮದರಾಸಿನಲ್ಲಿ ಹಲ್ಲಿನ ಚೀನೀ ಡಾಕ್ಟರುಗಳು ಇದ್ದಾರಂತೆ. ಯಾರಿಗಾದ್ರೂ ಇದು ಗೊತ್ತುಂಟಾ ಕೇಳು. ಉಳಿದ ಅರ್ಧ ನೋಡಿಕೊಂಡು ಬಾ. ಕಾಲು ಗಟ್ಟಿ ಇರುವಾಗಲೇ ಒಂದು ಸಲ ಪೂರ್ತಿ ಮಾಡ್ಬೇಕು ಅಂತ ಉಂಟು ನನಗೆ."

ಆಗಲಿ, ಕೇಳಿ ಬರುತ್ತೇನೆ ಎಂದೆ.

ಮದರಾಸಿನಲ್ಲಿ ಬಟ್ಟೆಯ ಕೆಲಸ ಮುಗಿಸಿ ಬಿಸಿಲಲ್ಲಿ ಅಲೆದೆ. ದೊಡ್ಡ ಹಲ್ಲಿನ ಚಿತ್ರ ಬರೆದ ಬೋರ್ಡಿನ ಕೆಳಗೆ ಒಬ್ಬ ಚೀನೀ ಮುದುಕ ಕೂತಿದ್ದ. ಒಳಗೆ ಹೋಗಲು ಒಂದು ನೆಪ ಬೇಕಲ್ಲ, ಹಲ್ಲುನೋವು ಎಂದೆ. ಅವನು ಬಾಯಿ ತೆರೆಸಿ ನೋಡಿದ, ತಲೆ ಆಡಿಸಿದ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಒಂದು ದವಡೆ ಹಲ್ಲು ಕಿತ್ತು ತಟ್ಟೆಗೆ ಹಾಕಿದ. ಆ ಹಲ್ಲು ನಿಜವಾಗಿಯೂ ಹುಳುಕಾಗಿತ್ತಂತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಬಾಯಿ ತುಂಬ ಹತ್ತಿ ಇದ್ದುದರಿಂದ ಬೈಯುವುದಕ್ಕೂ ಆಗಲಿಲ್ಲ.

ಮಾತು ಹೊರಡದೆ, ಎದ್ದು ನಿಂತು ನೇರವಾಗಿ ಕೊಡಪಾನ ಎತ್ತಲು ಶುರುಮಾಡಿದೆ.

ಅವನು ಕೈ ತೊಳೆಯುತ್ತಿದ್ದವನು ಹಾಗೆಯೇ ನಿಂತ. ಕುರ್ಚಿಯನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿಕೊಟ್ಟ. ಚೆನ್ನಾಗಿ ತಮಿಳು ಬಲ್ಲವನು. ನನ್ನ ತಮಿಳಿನಲ್ಲಿ ಅರ್ಧ ಮಲಯಾಳ, ಅದಕ್ಕೆ ಹತ್ತಿಯೂ ಸೇರಿ ಯಾವ ಭಾಷೆಯಾಯಿತೋ ದೇವರಿಗೇ ಗೊತ್ತು. ಕಾಲು ಯಾಕೆ ಎಳೆಯುತ್ತೀ ಎಂದು ಕೇಳಿದ. ಅಡಿಕೆಯ ಸಂಗತಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ತಂದೆ ಇದನ್ನೇ ಮಾಡುತ್ತಿದ್ದ, ಕೈಯಲ್ಲಿ ಚೂರು ವ್ಯತ್ಯಾಸ, ಅಷ್ಟೆ ಎಂದ.

ನಾನು ಕೊನೆಗೆ ಬಂದು, ಎರಡೂ ಕೈ ಮುಂದೆ ಚಾಚಿ, ಬಾಗಿಲು ತಳ್ಳುವಂತೆ ನಿಂತೆ. ಅವನು ಕಾದ. ನಾನೂ ಕಾದೆ.

"ಆಮೇಲೆ?" ಎಂದ.

ಮುಂದಿನ ಅರ್ಧ ಗೊತ್ತಿಲ್ಲ, ಅದನ್ನು ಕೇಳಲೆಂದೇ ಬಂದದ್ದು ಎಂದೆ.

"ಅರ್ಧವೆಲ್ಲಿ ಬಂತು?" ಎಂದು ಅವನು ನನ್ನ ಪಕ್ಕದಲ್ಲಿ ನಿಂತ. ಚಾಚಿದ ಕೈಗಳನ್ನು ನಿಧಾನವಾಗಿ ಹಿಂದಕ್ಕೆ ತಂದು, ಎದೆಯ ಮುಂದೆ ಒಂದರ ಮೇಲೊಂದು ಅಡ್ಡ ಇಟ್ಟು, ಬಿಡಿಸಿ, ಹೊಟ್ಟೆಯವರೆಗೆ ಇಳಿಸಿದ. ಎಡಗಾಲು ಬಲಗಾಲಿನ ಬಳಿಗೆ ಬಂತು. ನೆಟ್ಟಗೆ ನಿಂತು ಉಸಿರು ಬಿಟ್ಟ. "ಮುಗಿಯಿತು."

"ಇದಾದ ಮೇಲೆ?"

"ಇದಾದ ಮೇಲೆ ಮನೆಗೆ ಹೋಗುವುದು," ಎಂದ.

ಅದೊಂದೇ ಚಲನೆಯನ್ನು ರೈಲಿನಲ್ಲಿ ಸೀಟಿನ ಮೇಲೆ ಕೂತು ಮಂಗಳೂರು ಬರುವವರೆಗೆ ಕೈಯಲ್ಲೇ ಮಾಡುತ್ತ ಬಂದೆ. ಎದುರಿಗೆ ಕೂತಿದ್ದವರು ಎದ್ದು ಬೇರೆ ಕಡೆ ಹೋದರು. ನನಗೆ ಅದರ ಪರಿವೆ ಇರಲಿಲ್ಲ. ಅರ್ಧ ಸಿಗದಿದ್ದರೂ ಕೊನೆಯಾದರೂ ಸಿಕ್ಕಿತಲ್ಲ, ರೈಟರು ಎಷ್ಟು ಖುಷಿಪಡಬಹುದು ಎಂದು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ.

ಭಾನುವಾರ ಅಂಗಳಕ್ಕೆ ಹೋದಾಗ ಎಲ್ಲರೂ ಇದ್ದರು. ರೈಟರು ಜಗಲಿಯ ಅಂಚಿನಲ್ಲಿ ಕೂತರು. ನಾನು ಮೊದಲಿನಿಂದ ಮಾಡುತ್ತ ಬಂದೆ. ಕೈ ಚಾಚಿ ನಿಂತೆ, ಹಿಂದಕ್ಕೆ ತಂದೆ, ಎದೆಯ ಮೇಲೆ ಅಡ್ಡ ಇಟ್ಟೆ, ಇಳಿಸಿದೆ, ಕಾಲು ಕೂಡಿಸಿದೆ.

"ಇಷ್ಟೇ ಅಂತೆ ರೈಟರೇ. ಇದು ಕೊನೆ. ಇದರ ಮುಂದೆ ಎಂತದೂ ಇಲ್ಲ ಅಂತೆ."

ಅವರ ಮುಖ ಬಿಳಿಚಿಕೊಂಡಿತ್ತು. ನಂಬಿಕೆ ಬರಲಿಲ್ಲವೇನೋ ಎಂದುಕೊಂಡು ನನಗೆ ರೇಗಿತು. "ಸುಳ್ಳಲ್ಲ ಮಾರಾಯ್ರೆ! ಇದಕ್ಕೆ ಒಂದು ಹಲ್ಲು ಕೊಟ್ಟು ಬಂದಿದ್ದೇನೆ," ಎಂದು ಬಾಯಿ ಅಗಲಿಸಿ ತೋರಿಸಿದೆ. ದರ್ಜಿ ಬಗ್ಗಿ ನೋಡಿದ.

ಬಾಗಿಲಲ್ಲಿ ಕಾಫಿಯ ಚೊಂಬು ಹಿಡಿದು ನಿಂತಿದ್ದ ಅಕ್ಕ, "ಅದರಲ್ಲಿ ಹೊಸತು ಎಂತ ಉಂಟು?" ಎಂದರು. "ಇವರು ದಿನಾ ಬೆಳಿಗ್ಗೆ ಬಾವಿಯ ಹತ್ತಿರ ಒಬ್ಬರೇ ಮಾಡುವಾಗ ಕೊನೆಗೆ ಹೀಗೆಯೇ ಕೈ ಇಳಿಸುದಲ್ವಾ? ನಾನು ನೋಡಿದ್ದೇನಲ್ಲ."

ಮಾಸ್ತರರು ಅಡಿಕೆಯನ್ನು ನೋಡುತ್ತ ನಿಂತರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಕೊನೆಯನ್ನು ಬಡಗಿ ಅವರಿಗೆ ಕಲಿಸಿದ್ದ. ಅವರು ಅದನ್ನು ನಮಗೆ ಕಲಿಸಿರಲಿಲ್ಲ. ಇಷ್ಟು ವರ್ಷ ಅವಲಕ್ಕಿ ತಿನ್ನಿಸಿ, ನಗಿಸಿ, ಸೊಂಟ ನೋವು ಬಿಡಿಸಿ, ಈ ಒಂದನ್ನು ಊರಿನ ಕ್ರಮದಂತೆ ತಮಗೆಂದು ಇಟ್ಟುಕೊಂಡಿದ್ದರು. ಅದರ ಮುಂದೆ ಇನ್ನೂ ಅರ್ಧ ಇದೆ ಎಂದು ನಂಬಿ ನನ್ನನ್ನು ಮದರಾಸಿಗೆ ಕಳಿಸಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅವರ ಮುಖ ನೋಡಿದ ಮೇಲೆ ಅದನ್ನು ಆಡಲು ಮನಸ್ಸಾಗಲಿಲ್ಲ.

"ಮುದುಕ ಪೂರ್ತಿ ಕೊಟ್ಟಿದ್ದ," ಎಂದರು ರೈಟರು ಮೆಲ್ಲಗೆ. "ಇಟ್ಟುಕೊಂಡದ್ದು ನಾನು."

ಆಮೇಲೆ ಗೋಡೆ ಹಿಡಿದು ಎದ್ದು ಅಂಗಳಕ್ಕೆ ಇಳಿದರು. "ನಿನ್ನ ಮೊಣಕೈ ಸರಿ ಇಲ್ಲ," ಎಂದು ನನ್ನ ಕೈ ತಿದ್ದಿದರು. ದರ್ಜಿಗೆ, ಮಾಸ್ತರರಿಗೆ, ಒಬ್ಬೊಬ್ಬರಿಗೂ ಆ ಕೊನೆಯನ್ನು ಮತ್ತೆ ಮತ್ತೆ ಮಾಡಿಸಿದರು. ಎಂದೂ ಇಲ್ಲದ ಅವಸರ ಅವರಲ್ಲಿತ್ತು. ಕೈ ನಡುಗುತ್ತಲೇ ಇತ್ತು.

ಅಂದು ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಕುಂಬ್ರದ ಜಂಕ್ಷನ್ನಿನವರೆಗೆ ಬಂದರು. ಹಿಂದೆಂದೂ ಬಂದವರಲ್ಲ. ಗೂಡಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು.

"ರಂಗೂನು ಬಿಟ್ಟ ದಿನ ಆ ಮುದುಕ ಬಾಗಿಲಲ್ಲಿ ನಿಂತಿದ್ದ," ಎಂದರು. "ನಾನು ಗಂಟು ಹೊತ್ತುಕೊಂಡು ಅವನ ಎದುರೇ ಹೋದದ್ದು. ಕೈ ಎತ್ತಿದ. ಅರ್ಧ ಕೊಟ್ಟವನ ಹತ್ರ ಎಂತ ಮಾತು ಅಂತ ನಾನು ತಿರುಗಿ ನೋಡ್ಲಿಲ್ಲ."

ಬಸ್ಸು ಬಂತು. ಕಂಡಕ್ಟರು ಪುತ್ತೂರು ಪುತ್ತೂರು ಎಂದು ಕೂಗಿದ. ನಾನು ಎದ್ದವನು ಮತ್ತೆ ಕೂತೆ. "ಇನ್ನೊಂದು ಬಸ್ಸು ಉಂಟಲ್ಲ ರೈಟರೇ," ಎಂದೆ.