ಹಚ್ಚಲೇನ್ರಿ?

ಮೊನ್ನೆ ಜಲನಗರದ ನಮ್ಮ ಮನೆಗೆ, ಅಡಿಗೆಮನೆಯ ಕಪಾಟಿಗೆ ಮೈಕಾ ಅಂಟಿಸಲು ಬಡಿಗರು ಬಂದಿದ್ದರು. ಅವರಲ್ಲೊಬ್ಬ ಸಲೂಶನ್ ಎಂಬ ಅಂಟಿನ ಡಬ್ಬಿಯ ಮುಚ್ಚಳ ತೆಗೆದದ್ದು ಹೊರಗೆ ಪೇಪರ್ ಓದುತ್ತಿದ್ದ ನನಗೆ ಗೊತ್ತಾಯಿತು. ಮೊದಲು ಸಿಹಿ ಅನಿಸಿ, ಆಮೇಲೆ ಗಂಟಲಲ್ಲಿ ಕೂತು ಕಹಿಯಾಗುವ ವಾಸನೆ. ಎದ್ದು ಒಳಗೆ ಹೋದೆ. ಗ್ಯಾಸ್ ಬಂದ್ ಮಾಡಿದೆ, ಎರಡೂ ಕಿಟಕಿ ತೆರೆದೆ.

"ಏನೂ ಆಗಂಗಿಲ್ರಿ ಸರ್, ದಿನಾ ಇದೇ ಕೆಲಸ ನಮ್ದು" ಅಂದ ಹುಡುಗ, ನಗುತ್ತಲೇ.

ಆಗದಿರಲಿ. ಆದರೂ ಸಿಲಿಂಡರಿನ ತಿರುಪನ್ನು ಮತ್ತೊಮ್ಮೆ ತಿರುವಿ ನೋಡಿದೆ. ಆ ವಾಸನೆಯ ಬೆನ್ನಿಗೇ ನಡುಬಾಗಿಲ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿದಂತಾಯಿತು... ಕಾಕುವಿನದು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಆಕೆ ನನಗೆ ಸಂಬಂಧಿಕಳಲ್ಲ. ನಾನು ತಿಕೋಟಾದಿಂದ ಆಚೆಯ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕುರಿ ಹಿಂದೆ ನಡೆಯುತ್ತ ಓದಿದವನು ನಾನು. ಎಪ್ಪತ್ತರ ದಶಕದಲ್ಲಿ ಬಿ.ಎ. ಓದಲು ಬಿಜಾಪುರಕ್ಕೆ ಬಂದಾಗ, ಗಾಂಧಿ ಚೌಕದ ಹಿಂದಿನ ಒಂದು ಓಣಿಯಲ್ಲಿ ಅಟ್ಟದ ಕೋಣೆ ಸಿಕ್ಕಿತು. ಕೆಳಗೆ ಕಾಕಾ-ಕಾಕು, ಇಬ್ಬರೇ. ಕಾಕುವಿನ ತವರು ನಮ್ಮೂರ ಕಡೆಯ ಬಬಲೇಶ್ವರ. "ನಮ್ಮ ಕಡೆ ಹುಡುಗ" ಎಂಬ ಒಂದೇ ಮಾತಿಗೆ ಕೋಣೆ ಕೊಟ್ಟಳು. ಬೇರೆ ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಕಾಕಾ ಮಿಲ್ಲಿನ ಪಟ್ಟಾ ಜೋಡಿಸುವವರು. ಎಂಜಿನ್ನಿನಿಂದ ಗಾಣಕ್ಕೆ, ಗಿರಣಿಗೆ ತಿರುಗುವ ಅಗಲವಾದ ಬೆಲ್ಟು, ಅಂದರೆ ಪಟ್ಟಾ, ಹರಿದರೆ ಅವರ ಹತ್ತಿರ ಬರುತ್ತಿತ್ತು; ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲೇ ಅವರ ಕೆಲಸ. ಮೊದಲೆಲ್ಲ ಕಬ್ಬಿಣದ ಕೊಕ್ಕೆ ಬಡಿದು ಜೋಡಿಸುತ್ತಿದ್ದರಂತೆ. ಆಮೇಲೆ ಮುಂಬೈಯಿಂದ ಸೊಲ್ಲಾಪುರದ ಮೇಲೆ ಹಾಯ್ದು ಈ ಹೊಸ ಸಲೂಶನ್ ಬಂತು. "ಇದು ಗಿಡದ ಹಾಲಿನ ರಬ್ಬರ್ ಅಲ್ಲೋ ತಮ್ಮಾ, ಕಾರ್ಖಾನ್ಯಾಗ ಹುಟ್ಟಿದ್ದು. ಆ ಹಳೇದು ಎಣ್ಣಿ ತಾಗಿದ್ರ ಮೆತ್ತಗಾಗಿ ಬಿಟ್ಟಕೊಳ್ತಿತ್ತು. ಇದು ಎಣ್ಣಿ ಮಿಲ್ಲಿನ್ಯಾಗೂ ಜಗ್ಗಂಗಿಲ್ಲ" ಎನ್ನುತ್ತಿದ್ದರು. ಪಟ್ಟಾದ ಎರಡೂ ತುದಿಯನ್ನು ಓರೆಯಾಗಿ ಕೆತ್ತಿ, ಕಾನಸಿ ಎಂಬ ಅರದಿಂದ ಉಜ್ಜಿ, ಎರಡಕ್ಕೂ ಸಲೂಶನ್ ಹಚ್ಚಿ ಕಾಯಬೇಕು. ಬೆರಳಿನ ಹಿಂಭಾಗ ತಾಗಿಸಿದರೆ ಎಳೆ ಬರಬಾರದು. ಆಗ ಒಂದರ ಮೇಲೊಂದು ಕೂಡಿಸಿ ಸುತ್ತಿಗೆಯಿಂದ ಬಡಿಯುವುದು.

"ಒಮ್ಮೆ ಕೂಡ್ತಂದ್ರ ಕೂಡ್ತು. ಮತ್ತ ಸರಿಸಾಕ ಬರಂಗಿಲ್ಲ, ಲಗ್ನ ಇದ್ದಂಗ" ಎಂದು ಕಾಕಾ ನನ್ನತ್ತ ಕಣ್ಣು ಮಿಟುಕಿಸಿದರೆ, ಒಳಗಿನಿಂದ ಕಾಕು, "ಸರಿಯಾಕ ಜಾಗಾ ಎಲ್ಲೈತಿ, ಮನಿ ತುಂಬ ಪಟ್ಟಾ ಹರವೀರಿ" ಎನ್ನುವಳು.

ನಗುವುದು ಅಷ್ಟಕ್ಕೇ. ಉಳಿದದ್ದೆಲ್ಲ ಅಂಜಿಕೆ. ಆ ಡಬ್ಬಿ ತೆರೆದಾಗ ಏಳುವ ಆವಿ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಬೆಂಕಿ ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತದೆ ಎಂದು ಕಾಕಾ ನನಗೆ ಮೊದಲ ದಿನವೇ ಹೇಳಿದ್ದರು. ಬಟನ್ ಒತ್ತಿದರೆ ಕಿಡಿ ಹಾರುತ್ತದೆಂದು ಮನೆಗೆ ಕರೆಂಟು ಸಹ ಹಾಕಿಸಿರಲಿಲ್ಲ. ನನ್ನ ಅಟ್ಟದಿಂದ ಇಳಿಯುವ ಮೆಟ್ಟಿಲು ನೇರ ಆ ಡಬ್ಬಿಗಳ ನಡುವೆಯೇ ಇಳಿಯುತ್ತಿತ್ತು. ಬೇರೆ ದಾರಿ ಇರಲಿಲ್ಲ. ಕಿಟಕಿಗೆ ಸರಳು. ಆ ಸರಳಿನೊಳಗೆ ನನ್ನ ತಲೆ ಹಾಯುತ್ತದೋ ಇಲ್ಲವೋ ಎಂದು ಒಂದು ಮಧ್ಯಾಹ್ನ ನೋಡಿಕೊಂಡೆ... ಹಾಯಲಿಲ್ಲ.

ಕಾಕುವಿಗೆ ಎರಡು ಅಂಜಿಕೆ. ಬೆಂಕಿಯದು ಒಂದು. ಹೊತ್ತು ಮುಳುಗಿದ ಮೇಲೆ ದೇವರ ಜಗಲಿ ಕತ್ತಲಲ್ಲಿದ್ದರೆ ಮನೆಗೆ ಕೇಡು ಎಂಬುದು ಇನ್ನೊಂದು. ಈ ಎರಡರ ನಡುವೆ ಗಂಡ-ಹೆಂಡತಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಸಂಜೆ ಬತ್ತಿ ಹೊಸೆದು, ಎಣ್ಣೆ ಹಾಕಿ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಆಕೆ ನಡುಬಾಗಿಲ ಹಿಂದೆ ನಿಂತು ಕೇಳುವಳು: "ಹಚ್ಚಲೇನ್ರಿ?" ಕಾಕಾ ಡಬ್ಬಿ ಮುಚ್ಚಿ, ಬೀದಿಬಾಗಿಲು ಪೂರ್ತಿ ತೆರೆದು, ಗಾಳಿಯಾಡಿದ ಮೇಲೆ "ಹಚ್ಚು" ಅನ್ನುವರು. ಅಲ್ಲಿಯವರೆಗೆ ಒಲೆಯೂ ಇಲ್ಲ, ದೀಪವೂ ಇಲ್ಲ. ನಾನೂ ಮೇಲೆ ಪುಸ್ತಕ ತೆರೆದುಕೊಂಡು ಆ ಒಂದು ಮಾತಿಗೆ ಕಾಯುತ್ತಿದ್ದೆ. ಅದು ಕೇಳಿದ ಮೇಲೆಯೇ ಕಂದೀಲು.

ಆದರೆ ನಮ್ಮ ಕಡೆ ದೀಪವನ್ನೂ ಹಚ್ಚುತ್ತೇವೆ, ಅಂಟನ್ನೂ ಹಚ್ಚುತ್ತೇವೆ. ಕುಂಕುಮ ಹಚ್ಚುತ್ತೇವೆ, ಹುಡುಗರನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುತ್ತೇವೆ. ಒಂದೇ ಮಾತು. ಅದರಲ್ಲಿ ಏನು ಕುಳಿತಿದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

ಒಂದು ಸಂಜೆ, ಶೇಂಗಾ ಸುಗ್ಗಿಯ ದಿನಗಳು, ಎಣ್ಣೆ ಮಿಲ್ಲೊಂದರ ಮುಕಾದಮ, ಆಳುಗಳ ಮೇಸ್ತ್ರಿ, ಹರಿದ ಪಟ್ಟಾವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಹೊತ್ತು ಇಳಿದಿತ್ತು. ಕಾಕಾ ನಾಳೆ ಬಾ ಅಂದರು.

"ಏನ್ ಕಾಕಾ, ಕಾಕುನ ಪಣತಿಗಿ ಅಂಜಿ ಮಿಲ್ ಬಂದ್ ಇಡೂಣೇನು? ಮಾಲಕ ನನ್ನ ಗಾಣಕ್ಕ ಹಾಕ್ತಾನ" ಎಂದ ಅವನು. ಕೆಟ್ಟವನಲ್ಲ. ಅವನಿಗೂ ಅವನ ಅಂಜಿಕೆ.

ಕಾಕಾ ಕೂತರು. ಹೊರಗೆ ಗಾಳಿ ಎದ್ದು ಧೂಳು ಬರತೊಡಗಿತ್ತು. ಹಸಿ ಸಲೂಶನ್ನಿನ ಮೇಲೆ ಧೂಳು ಕೂತರೆ ಜೋಡಣೆ ಕೆಟ್ಟಂತೆಯೇ. ಡಬ್ಬಿ ತೆರೆದಾಗ ಎಂದೂ ಪೂರ್ತಿ ಮುಚ್ಚದ ಬೀದಿಬಾಗಿಲನ್ನು ಅಂದು ಮುಚ್ಚಿದರು. ಒಳಗೇ ತುಂಬಿಕೊಂಡ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಯ ತನಕ ಬಂತು. ನಾನು ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಒಂದು ತುದಿಗೆ ಹಚ್ಚಿ ಮುಗಿದಿತ್ತು. ಕಾಕಾ ಬಾಗಿಲ ಸಂದಿನ ಮಬ್ಬುಬೆಳಕಿನಲ್ಲೇ ಇನ್ನೊಂದು ತುದಿಯನ್ನು ಕಾನಸಿಯಿಂದ ಉಜ್ಜುತ್ತಿದ್ದರು. ಕರ್ ಕರ್ ಸದ್ದು. ಮೊದಲೇ ಎಂಜಿನ್ನುಗಳ ಪಕ್ಕ ನಿಂತು ನಿಂತು ಅವರ ಕಿವಿ ಮಂದವಾಗಿತ್ತು.

ಒಳಗೆ ಕತ್ತಲಾಯಿತು. ಕಾಕು ದಿನದಂತೆ ಕೇಳಿದಳು.

"ಹಚ್ಚಲೇನ್ರಿ?"

ಕಾಕಾ ಕೇಳಿಸಿಕೊಳ್ಳಲಿಲ್ಲ. ಮುಕಾದಮ ಕೇಳಿಸಿಕೊಂಡ. ಕೆಲಸ ಹೆಚ್ಚಿದ್ದಾಗ ಕಾಕುವೂ ಸಲೂಶನ್ ಹಚ್ಚುವುದನ್ನು ಅವನು ನೋಡಿದ್ದ. ಅವಸರದಲ್ಲಿ ಪಣತಿಯ ಮಾತು ಮರೆತು, ಉಳಿದ ತುದಿಗೆ ಹಚ್ಚಲು ಕೇಳುತ್ತಿದ್ದಾಳೆ ಅಂದುಕೊಂಡ.

"ಹಚ್ಚರಿ ಯವ್ವಾ, ಲಗೂ ಹಚ್ಚರಿ" ಎಂದ. ಕಾನಸಿಯ ಸದ್ದಿನಲ್ಲಿ, ಬಾಗಿಲ ಆಚೆಗಿದ್ದ ಕಾಕುವಿಗೆ "ಹಚ್ಚು" ಎಂಬಷ್ಟೇ ಮುಟ್ಟಿರಬೇಕು.

ಮೇಲಿದ್ದ ನನಗೆ ಎರಡೂ ಕೇಳಿದವು. ಎರಡೂ ಅರ್ಥವಾದವು. ಅಂಥ ಅಂಜಿಕೆ ನಾನು ಮತ್ತೆಂದೂ ಪಟ್ಟಿಲ್ಲ. "ಕಾಕು, ಬ್ಯಾಡ!" ಎಂದು ಕಿರುಚಿಕೊಂಡು ಮೆಟ್ಟಿಲಿಗೆ ಬಂದೆ. ಅಷ್ಟರಲ್ಲಿ ಕಡ್ಡಿ ಗೀರಿದ ಸದ್ದು.

ಸಿನಿಮಾದಲ್ಲಿ ತೋರಿಸುವಂತೆ ಅದು ಸಿಡಿಯಲಿಲ್ಲ. ನಡುಬಾಗಿಲ ಕೆಳಗಿಂದ ನೀಲಿ ಬಣ್ಣದ್ದೇನೋ ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಿದು ಬಂತು, ಸದ್ದಿಲ್ಲದೆ... ಪಟ್ಟಾದ ತುದಿ ಮುಟ್ಟಿದ ಮೇಲೆ ಭಗ್ಗೆಂದಿತು. ಕಾಕಾ ಮಾಡಿದ್ದು ಒಂದೇ: ತೆರೆದ ಡಬ್ಬಿಯ ಬಾಯಿಗೆ ಮುಚ್ಚಳ ಬಡಿದು, ಅದನ್ನು ಎದೆಗೆ ಅವಚಿಕೊಂಡು ಬೀದಿಗೆ ಓಡಿದರು. ಆ ಡಬ್ಬಿ ಹತ್ತಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ನಾನೂ ಮುಕಾದಮನೂ ಇಂಥದ್ದಕ್ಕೆಂದೇ ಕಾಕಾ ಮೂಲೆಯಲ್ಲಿ ತೊಯ್ಯಿಸಿಟ್ಟಿದ್ದ ಗೋಣಿತಟ್ಟುಗಳನ್ನು ಎಳೆದು ಪಟ್ಟಾದ ಮೇಲೆ ಹಾಕಿದೆವು. ಆಮೇಲೆ ಒಳಗೆ ಹೋದೆವು. ಕಾಕು ಜಗಲಿಯ ಮುಂದೆ ಕೂತಿದ್ದಳು. ಸೀರೆಯ ಅಂಚು ಹೊಗೆಯಾಡುತ್ತಿತ್ತು. ಬೆಂಕಿ ನೆಲದಲ್ಲೇ ಹಾದುಹೋಗಿತ್ತು, ಆಕೆಯ ಪಾದಗಳ ಮೇಲಿಂದ.

"ಅವರು ಹಚ್ಚು ಅಂದ್ರಲ್ಲೋ ತಮ್ಮಾ" ಎಂದಳು ನನಗೆ. ಅಷ್ಟೇ.

ಪಾದಗಳು ಮಾಯ್ದವು, ಆದರೆ ಬೆರಳು ಒಂದಕ್ಕೊಂದು ಕೂಡಿಕೊಂಡವು. ಆಮೇಲೆ ಆಕೆ ಗೋಡೆ ಹಿಡಿದೇ ನಡೆದಳು. ಕಾಕಾ ಕೆಲಸವನ್ನು ಊರ ಹೊರಗಿನ ತಗಡಿನ ಶೆಡ್ಡಿಗೆ ಒಯ್ದರು. ಮುಕಾದಮನನ್ನು ಬೈಯಲಿಲ್ಲ, ಹೆಂಡತಿಯನ್ನೂ ಬೈಯಲಿಲ್ಲ. ಊಟಕ್ಕೆ ಕೂತಾಗ ಸುಮ್ಮನೆ, "ನಾ ಅಂದಿಲ್ಲ ಅದನ್ನ" ಎಂದುಬಿಡುವರು, ಯಾರೂ ಕೇಳದಿದ್ದರೂ.

ಮನೆಯಲ್ಲಿ ಈಗ ಡಬ್ಬಿ ಇರಲಿಲ್ಲ. ಯಾವಾಗ ಬೇಕಾದರೂ ದೀಪ ಹಚ್ಚಬಹುದಿತ್ತು. ಆದರೆ ಕಾಕು ಕಡ್ಡಿಪೆಟ್ಟಿಗೆ ಮುಟ್ಟಲಿಲ್ಲ. ಪಕ್ಕದ ಮನೆಯ ಹುಡುಗಿ ಬಂದು ದೀಪ ಹಚ್ಚಿ ಹೋಗುವಳು. ಹೊತ್ತು ಮುಳುಗುವಾಗ ಕಾಕು ಅಟ್ಟಕ್ಕೆ ಹತ್ತಲಾಗದೆ ಮೊದಲ ಮೆಟ್ಟಿಲ ಮೇಲೆ ಕೂತು, "ಅದಿಯಲ್ಲೋ ಮ್ಯಾಲ?" ಎಂದು ಕೇಳುವಳು. "ಅದೀನಿ ಕಾಕು" ಎನ್ನುತ್ತಿದ್ದೆ. ಪುಸ್ತಕ ಹಿಡಿದು ಇಳಿದು ಬಂದು ಆಕೆಯ ಪಕ್ಕ ಕೂಡುತ್ತಿದ್ದೆ. ಹುಡುಗಿ ದೀಪ ಹಚ್ಚಿ ಹೋಗುವತನಕ ಇಬ್ಬರೂ ಅಲ್ಲೇ ಕೂತಿರುತ್ತಿದ್ದೆವು. ಕಡ್ಡಿ ಗೀರಿದ ಸದ್ದಿಗೆ ಆಕೆ ನನ್ನ ಮುಂಗೈ ಹಿಡಿಯುವಳು.

ಬಿ.ಎ. ಪಾಸಾದ ದಿನ ಪೇಡೆ ಒಯ್ದೆ. "ಬಾ, ಹಣೀಗಿ ಕುಂಕುಮ ಇಡ್ತೀನಿ" ಅಂದಳು. ಇಡ್ತೀನಿ ಅಂದಳು, ಹಚ್ತೀನಿ ಅನ್ನಲಿಲ್ಲ. "ನಿಮ್ಮಪ್ಪ ನಿನ್ನ ಸಾಲಿಗಿ..." ಎಂದು ತಡೆದು, "ಸಾಲಿಗಿ ಕಳಿಸಿದ್ದು ಚಲೋ ಆತು ನೋಡು" ಎಂದು ಮುಗಿಸಿದಳು. ನಾನು ಬೇರೆ ಮಾತು ತೆಗೆದೆ.

ಮುಂದೆ ನನಗೆ ನೌಕರಿಯಾಗಿ ಊರೂರು ತಿರುಗಿದೆ. ಕಾಕಾ ತೀರಿದರು. ಕಾಕು ಬಬಲೇಶ್ವರದ ತಂಗಿಯ ಮನೆಗೆ ಹೋದಳು, ಅಲ್ಲೇ ತೀರಿದಳು. ಸುದ್ದಿ ತಡವಾಗಿ ಮುಟ್ಟಿತು. ಹೋದಾಗ ಮಾತಾಡಿಸಲು ಯಾರೂ ನನ್ನ ಗುರುತಿನವರಿರಲಿಲ್ಲ. ಅಂಗಳದಲ್ಲಿ ಚಹಾ ಕುಡಿದು ಬಸ್ಸು ಹಿಡಿದು ಬಂದೆ...

ಬಡಿಗರು ಮೊನ್ನೆ ಕೆಲಸ ಮುಗಿಸಿ ಹೋದ ಮೇಲೂ ಅಡಿಗೆಮನೆಗೆ ನಾನು ಯಾರನ್ನೂ ಬಿಡಲಿಲ್ಲ. ಊಟ ಹೊರಗಿಂದ ತರಿಸಿದೆವು. ಮೊಮ್ಮಕ್ಕಳಿಗೆ ಅದು ಹಬ್ಬ. "ಅಜ್ಜ ಅಂಜುಬುರುಕ" ಎಂದು ನಗುತ್ತಿದ್ದರು. ನಗಲಿ. ಆ ಓಣಿಯ ಮನೆಯಲ್ಲಿ ಅಂಜುವುದಕ್ಕೆ ನಾವಿಬ್ಬರಿದ್ದೆವು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು. ಈಗ ಒಬ್ಬನೇ ಅಂಜಬೇಕು.