ಬೆಂಚಿನ ಮೇಲಿನ ತಿದ್ದುಗಾರ

ತಿದ್ದದೆ ಬಿಡುವುದು ನನ್ನ ಕೈಲಾಗದ ಕೆಲಸ. ಕಾಯಿಲೆ ಅಂದರೆ ಕಾಯಿಲೆ, ಕಸುಬು ಅಂದರೆ ಕಸುಬು. ದೆಹಲಿಯ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ನಾನು. ಮೇಜಿಗೆ ಬಂದ ಕರಡು ಪತ್ರಕ್ಕೆ ಒಂದು ಅಲ್ಪವಿರಾಮವನ್ನಾದರೂ ಸೇರಿಸದಿದ್ದರೆ, ಸಾಹೇಬರು ಓದಿಯೇ ಇಲ್ಲ ಎಂದು ಗುಮಾಸ್ತರು ಅಂದುಕೊಳ್ಳುತ್ತಾರೆ.

ಈ ಚಾಳಿ ನನ್ನ ಹಿಂದೆಯೇ ವಸಂತ್ ಕುಂಜ್‌ನ ಜಿಮ್ನಾಸ್ಟಿಕ್ಸ್ ಕ್ಲಾಸಿಗೂ ಬಂತು. ಒಂಬತ್ತು ವರ್ಷದ ಮಗಳು ಸಿರಿ ಅಲ್ಲಿ ಬೀಮ್ ಎಂಬ ಅಂಗೈ ಅಗಲದ ತೊಲೆಯ ಮೇಲೆ ನಡೆದು, ನಡುವೆ ಒಂಟಿಕಾಲಲ್ಲಿ ಒಂದು ಸುತ್ತು ತಿರುಗಿ, ಕೊನೆ ಮುಟ್ಟಬೇಕು. ಮುಟ್ಟಿದರೆ ಮೇಲಿನ ಬ್ಯಾಚು. ಹಿಂದಿನ ಎರಡು ಪರೀಕ್ಷೆಗಳಲ್ಲೂ ತಿರುಗುವಾಗಲೇ ಬಿದ್ದಿದ್ದಳು. "ಈ ಸಲಾನೂ ಬಿದ್ರೆ ಮೈ ಛೋಡ್ ದೂಂಗಿ, ಅಪ್ಪಾ" ಅಂದಳು. ಅಷ್ಟು ಇಷ್ಟಪಟ್ಟು ಕಲಿತದ್ದನ್ನು ಬಿಟ್ಟೇಬಿಟ್ಟರೆ ಎಂದು ನನಗೆ ನಿಜಕ್ಕೂ ಭಯವಾಯಿತು. ಭಯವಾದರೆ ನಾನು ಇನ್ನಷ್ಟು ತಿದ್ದುತ್ತೇನೆ. ಪಾಲಕರ ಬೆಂಚಿನಿಂದಲೇ, "ಮೊಣಕಾಲು! ಭುಜ! ಬೆರಳು! ಬೀಳಬೇಡ!" ಎಂದು ಕೂಗುತ್ತಿದ್ದೆ.

ಫರೀದಾಬಾದಿನಿಂದ ಬರುವ ಕೋಚ್ ಮ್ಯಾಡಂ ಕೆಲವು ವಾರ ಸಹಿಸಿಕೊಂಡರು. ಒಂದು ದಿನ ಗೇಣೆತ್ತರದ ಅಭ್ಯಾಸದ ಬೀಮ್ ತೋರಿಸಿ "ಆಯಿಯೇ ಸರ್" ಅಂದರು. ಶೂ ಬಿಚ್ಚಿ ಹತ್ತಿದೆ. "ಸಿರಿ, ಪಾಪಾ ಕೋ ಬತಾವೋ." ಅಪ್ಪನಿಗೆ ಹೇಳಿಕೊಡುವ ಕೆಲಸ ಸಿಕ್ಕಿದ್ದೇ, ಮಗಳು ಇದಕ್ಕೇ ಕಾದಿದ್ದವಳಂತೆ, "ಮೊಣಕಾಲು ಅಪ್ಪಾ! ಭುಜ! ಹೊಟ್ಟೆ! ಬೀಳಬೇಡ!" ಎಂದು ಶುರುಮಾಡಿದಳು. ಹೊಟ್ಟೆ ನನ್ನ ಪಟ್ಟಿಯಲ್ಲಿರಲಿಲ್ಲ, ಅವಳದೇ ಸೇರ್ಪಡೆ. ಮೂರನೇ ಹೆಜ್ಜೆಗೆ ನೆಲದ ಮೇಲಿದ್ದೆ. ಮತ್ತೆ ಹತ್ತಿಸಿದ ಮ್ಯಾಡಂ ಒಂದೇ ಮಾತು ಹೇಳಿದರು: "ಸಾಮ್ನೆ ಘಡಿ ದೇಖಿಯೇ." ಎದುರು ಗೋಡೆಯ ಗಡಿಯಾರ ನೋಡುತ್ತಾ ನಡೆದೆ. ಬೀಮ್ ಮುಗಿದದ್ದೇ ತಿಳಿಯಲಿಲ್ಲ.

ಬೀಳಬೇಡ ಅಂದರೆ ಮಗುವಿನ ತಲೆಯಲ್ಲಿ ಉಳಿಯುವುದು ಬೀಳುವುದೊಂದೇ ಎಂದು ಅವರು ತಮ್ಮ ಹಿಂದಿಯಲ್ಲಿ ತಿಳಿಹೇಳಿದರು. ಮಾಡಬೇಕಾದ್ದನ್ನು ಹೇಳಬೇಕು, ಅದೂ ಒಂದು ಸಲಕ್ಕೆ ಒಂದೇ. ಸೂತ್ರದಲ್ಲಿ ಅರ್ಧ ಮಾತ್ರೆಯಷ್ಟು ಉಚ್ಚಾರ ಉಳಿಸಿದರೆ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಹಿಗ್ಗು ಎಂಬ ಹಳೆಯ ಮಾತಿದೆ. ನನಗೆ ಹೆಣ್ಣು ಹುಟ್ಟಿದಾಗಲೇ ಬೇಕಾದಷ್ಟು ಹಿಗ್ಗಾಗಿತ್ತು, ಹಾಗಾಗಿ ಮಾತು ಉಳಿಸುವ ಗೋಜಿಗೇ ಹೋಗಿರಲಿಲ್ಲವೇನೋ. ಮರುದಿನ ಆಫೀಸಿನಲ್ಲಿ ಒಂದು ಕರಡಿಗೆ ತಿದ್ದದೆ ಸಹಿ ಹಾಕಿದೆ. ತಂದಿದ್ದ ಗುಮಾಸ್ತರು ಗಾಬರಿಯಿಂದ, "ಸರ್, ತಬಿಯತ್ ಠೀಕ್ ಹೈ ನಾ?" ಎಂದು ಆರೋಗ್ಯ ವಿಚಾರಿಸಿದರು.

ಭಾನುವಾರ ಪರೀಕ್ಷೆ. ಬಾಯಿಗೆ ಬೀಗ ಹಾಕಿಕೊಂಡು ಬೆಂಚಿನಲ್ಲಿ ಕೂತೆ. ಮ್ಯಾಡಂ "ಘಡಿ" ಅಂದರು, ಅಷ್ಟೇ. ಸಿರಿ ನಡೆದಳು. ತಿರುಗುವಾಗ ಒಮ್ಮೆ ವಾಲಿದಳು. ನನ್ನ ನಾಲಿಗೆಯ ತುದಿಗೆ ಮೊಣಕಾಲು, ಭುಜ ಎಲ್ಲ ಬಂದು ನಿಂತವು, ನುಂಗಿಕೊಂಡೆ. ಅವಳ ಕಣ್ಣು ಮತ್ತೆ ಗಡಿಯಾರವನ್ನು ಹಿಡಿಯಿತು, ಕಾಲು ಊರಿತು. ಕೊನೆ ಮುಟ್ಟಿದಳು.

ಓಡಿಬಂದವಳನ್ನು ಬಾಚಿ ಎತ್ತಿಕೊಂಡೆ. ಅವಳು ನನ್ನ ಕೆಂಪೇರಿದ ಮುಖವನ್ನು ಕೋಚ್ ಥರವೇ ಗಂಭೀರವಾಗಿ ಪರೀಕ್ಷಿಸಿ, "ಅಪ್ಪಾ, ನಿಂಗೆ ಒಂದೇ ಒಂದು ಕರೆಕ್ಷನ್" ಅಂದಳು. "ನೆಕ್ಸ್ಟ್ ಟೈಮ್ ಉಸಿರಾಡು."