ಭಾವನವರ ಮುಖ ಮತ್ತು ದೊಡ್ಡ ಬ್ಯಾಟರಿ

ಬಳಗದವರೇ, ಇಂದು ಸಂಜೆ ಖಾನಾಪುರದ ಹೊಲದಲ್ಲಿ ಭಾವನವರನ್ನು ಮಣ್ಣು ಮಾಡಿ ಬಂದೆವು. ಕುಣಿಯೊಳಗೆ ಅವರನ್ನು ಕೂರಿಸಿ, ಮುಖದ ತುಂಬ ವಿಭೂತಿ ಹಚ್ಚುವಷ್ಟರಲ್ಲಿ ಕತ್ತಲಾಗಿತ್ತು. ಮಣ್ಣು ಹಾಕುವ ಮೊದಲು ತಂಗಿ ಗಂಗವ್ವ, "ತಡೀರಿ, ಒಮ್ಮೆ ಮುಖಾ ನೋಡ್ತೀನಿ" ಎಂದಳು.

ನನ್ನ ಮಗ ಮಹೇಶ ಬೆಳಗಾವಿಯ ಖಾಸಬಾಗದಲ್ಲಿ ಕೊಂಡ ಹೊಸ ಬ್ಯಾಟರಿ ಹಚ್ಚಿದ. ಬೆಳಕು ವಿಭೂತಿಗೆ ಬಡಿದು ನಮ್ಮ ಕಣ್ಣನ್ನೇ ಕುಕ್ಕಿತು. ಕಣ್ಣು, ಮೂಗು, ಮೀಸೆ ಯಾವುದೂ ತಿಳಿಯದೆ ಬರೀ ಬಿಳುಪು ಹೊಳೆಯಿತು.

"ಇದು ಅವರ ಮುಖ ಅಲ್ಲೋ ಮಹೇಶಾ, ಆರಸು!" ಗಂಗವ್ವ ಅತ್ತುಬಿಟ್ಟಳು.

"ಅತ್ತಿ, ಇದಕ್ಕಿಂತ ಚಲೋ ಬೆಳಕು ಇಡೀ ಊರಾಗ ಇಲ್ಲ."

"ಅದಕ್ಕ ಬ್ಯಾಡ ಅನ್ನಾಕತ್ತೀನಿ."

ಹೊಲದ ಗುಡಿಸಲಿನಿಂದ ಕಂದೀಲು ತರಿಸಿ ಕುಣಿಯೊಳಗೆ ಇಳಿಬಿಟ್ಟೆ. ಗಂಗವ್ವ ಬಾಗಿ ಬಹಳ ಹೊತ್ತು ನೋಡಿದಳು.

"ಹಾಂ, ಈಗ ನಮ್ಮ ಮನಿಯವ್ರು ಕಂಡ್ರು. ಇವತ್ತೂ ಮೀಸಿ ತಿದ್ದಿಸ್ಕೊಂಡಾರ ನೋಡ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಣ್ಣು ಹಾಕ್ರಿ ಅಣ್ಣಾ."

ಮಹೇಶನ ಬ್ಯಾಟರಿಯನ್ನು ನಾನು ಬಯ್ಯಲಾರೆ. ಮರಳಿ ಬರುವಾಗ ಅದು ಮಲಪ್ರಭೆಯ ಆಚೆ ದಡದ ಮರಗಳನ್ನೂ ತೋರಿಸಿತು. ಆದರೆ ಆಚೆ ದಡದಲ್ಲಿ ನಮ್ಮವರು ಯಾರೂ ಇರಲಿಲ್ಲ.